34 ಸಾವಿರದ ಎನಾಮಲ್ ಪಾತ್ರೆ ಕೊಳ್ಳಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನನಗೆ 56 ವರ್ಷ, ಮೈಸೂರಿನಲ್ಲಿದ್ದೇವೆ. ಮನೆಯಲ್ಲಿ ನಾಲ್ಕು ಜನ. ಬೆಂಗಳೂರಿನ ಮಾಲ್ ಒಂದರಲ್ಲಿ ಸೊಸೆ ನನಗೆ ಫ್ರಾನ್ಸ್‌ನ ಎನಾಮಲ್ ಹಾಕಿದ ಬೀಡು ಕಬ್ಬಿಣದ ಪಾತ್ರೆ ತೋರಿಸಿದಳು. 26 ಸೆಂ.ಮೀ. ಅಗಲದ್ದು. ಬೆಲೆ 34 ಸಾವಿರ! ಅದೇ ಥರ ಕಾಣುವ ಬೇರೆ ಕಂಪನಿಯದ್ದು ಆನ್‌ಲೈನ್‌ನಲ್ಲಿ 6,500ಕ್ಕೆ ಸಿಗುತ್ತದೆ. ಇದರಲ್ಲಿ ಅಡುಗೆ ಮಾಡಿದರೆ ಮೈಗೆ ಕಬ್ಬಿಣಾಂಶ ಸಿಗುತ್ತದೆ, ನಾನ್‌ಸ್ಟಿಕ್ ಥರ ಅಪಾಯ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಅಂತ ಸೊಸೆ ಹೇಳುತ್ತಾಳೆ. ಆದರೆ ನಮ್ಮತ್ತೆಯ ಎನಾಮಲ್ ತಟ್ಟೆ, ಲೋಟಗಳೆಲ್ಲ ಚಕ್ಕೆ ಎದ್ದು ತುಕ್ಕು ಹಿಡಿದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬಣ್ಣದಲ್ಲಿ ಸೀಸ ಇರುತ್ತದೆ ಅಂತಲೂ ಎಲ್ಲೋ ಓದಿದೆ. ನಮ್ಮಲ್ಲಿ ದಿನಾ ಹುಳಿ, ಸಾರು, ಪಲ್ಯ, ಅನ್ನ. ಭಾನುವಾರ ಮಟನ್ ಇಲ್ಲವೇ ಬಿರಿಯಾನಿ. ಸೊಸೆಗೆ ಮನೆಯಲ್ಲೇ ಬ್ರೆಡ್ ಮಾಡುವ ಆಸೆ. ಗ್ಯಾಸ್ ಮತ್ತು ಇಂಡಕ್ಷನ್ ಎರಡೂ ಇವೆ. ನನಗೆ ಬಲಗೈ ಮಣಿಕಟ್ಟು ನೋವು ಇದೆ. ಪಾತ್ರೆ ತೊಳೆಯಲು ಕೆಲಸದವರು ಬರುತ್ತಾರೆ. ಕೊಳ್ಳಬಹುದಾ?

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಂಗತಿಗಳಿವೆಯಲ್ಲ, ಮಣಿಕಟ್ಟು ನೋವು ಮತ್ತು ಪಾತ್ರೆ ತೊಳೆಯುವವರು, ಅವು ಅರ್ಧ ಉತ್ತರವನ್ನು ಆಗಲೇ ಹೇಳಿಬಿಟ್ಟಿವೆ. ಉಳಿದರ್ಧಕ್ಕೆ ಸ್ವಲ್ಪ ವಿವರಣೆ ಬೇಕು. ನನ್ನ ಕೆಲಸ ಎರಕದ್ದು. ಬೆಳಗಾವಿಯ ಫೌಂಡ್ರಿಗಳಲ್ಲಿ ಪಂಪು, ವಾಲ್ವುಗಳ ಎರಕ ನೋಡಿಕೊಳ್ಳುತ್ತಿದ್ದವನು, ಆಮೇಲೆ ಎನಾಮಲ್ ಲೇಪನದ ಕಡೆಗೆ ಬಂದೆ. ಹಾಗಾಗಿ ಅಂಗಡಿಯವರು ಹೇಳದ ಕಡೆಯಿಂದ ಹೇಳುತ್ತೇನೆ.

ನಿಮಗಿರುವ ಅನುಮಾನ ಎರಡು. ಒಂದು, ಇಷ್ಟು ದುಡ್ಡು ಕೊಟ್ಟರೆ ಅದಕ್ಕೆ ತಕ್ಕದ್ದು ಸಿಗುತ್ತದಾ. ಇನ್ನೊಂದು, ಆರೋಗ್ಯದ ವಿಷಯದಲ್ಲಿ ಸೊಸೆ ಹೇಳಿದ್ದು ನಿಜವಾ, ನೀವು ಓದಿದ್ದು ನಿಜವಾ. ಎರಡನೆಯದನ್ನೇ ಮೊದಲು ನೋಡೋಣ.

ಎನಾಮಲ್ ಅಂದರೆ ಗಾಜು, ಅಷ್ಟೇ. ಗಾಜನ್ನು ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಪಾತ್ರೆಯ ಮೇಲೆ ಸಿಂಪಡಿಸಿ ಒಣಗಿಸುತ್ತಾರೆ. ಆಮೇಲೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿಟ್ಟರೆ ಅದು ಕರಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಅಂದ ಮೇಲೆ ನಿಮ್ಮ ಹುಳಿ ತಗಲುವುದು ಗಾಜಿಗೆ. ಕಬ್ಬಿಣಕ್ಕೆ ತಗಲುವುದೇ ಇಲ್ಲ. ಹೀಗಿರುವಾಗ ಕಬ್ಬಿಣಾಂಶ ಎಲ್ಲಿಂದ ಬರಬೇಕು? ಸೊಸೆಯ ಮೊದಲ ಮಾತು ತಪ್ಪು. ಕಬ್ಬಿಣಾಂಶ ಸೇರಬೇಕೆಂದರೆ ಲೇಪನವಿಲ್ಲದ ಕಬ್ಬಿಣದ ಬಾಣಲೆ ಬೇಕು. ಅದರಲ್ಲಿ ಟೊಮೆಟೊ, ಹುಣಸೆಹಣ್ಣು ಹಾಕಿ ಬೇಯಿಸಿದರೆ ಅಡುಗೆಗೆ ಕಬ್ಬಿಣ ಇಳಿಯುವುದು ನಿಜ. ಜೊತೆಗೆ ಹುಳಿ ಕಪ್ಪಗಾಗುವುದೂ, ಬಾಯಿಗೆ ಲೋಹದ ಒಗರು ಬರುವುದೂ ಅಷ್ಟೇ ನಿಜ. ಇದನ್ನು ತಪ್ಪಿಸಲಿಕ್ಕೆಂದೇ ಎನಾಮಲ್ ಹಚ್ಚುವುದು. ಕಬ್ಬಿಣಾಂಶ ಬೇಕು, ಎನಾಮಲ್ಲೂ ಬೇಕು ಅಂದರೆ ಆಗುವುದಿಲ್ಲ. ಇನ್ನು ಮನೆಯಲ್ಲಿ ಯಾರಿಗಾದರೂ ರಕ್ತಹೀನತೆ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಪಾತ್ರೆಯನ್ನು ನಂಬಿಕೊಂಡು ಕೂರಬೇಡಿ.

ನಾನ್‌ಸ್ಟಿಕ್ ಬಗ್ಗೆ ಸೊಸೆ ಹೇಳಿದ್ದು ಸರಿ. ಇದರಲ್ಲಿ ಟೆಫ್ಲಾನ್ ಥರದ ಪದರ ಇಲ್ಲ. ಆದರೆ ಅಂಟದಿರುವ ಗುಣವೂ ಇಲ್ಲ. ಮೊಟ್ಟೆ ಅಂಟುತ್ತದೆ, ದೋಸೆಯಂತೂ ಏಳುವುದೇ ಇಲ್ಲ. ದೋಸೆಗೆ ನಿಮ್ಮ ಪಳಗಿದ ಬೀಡಿನ ಕಾವಲಿಯೇ ಸರಿ.

ಇನ್ನು ಸೀಸ. ಇದರಲ್ಲಿ ಸ್ವಲ್ಪ ಸತ್ಯ ಇದೆ, ಜಾಸ್ತಿ ಗಾಬರಿ ಇದೆ. ಕಡು ಕೆಂಪು, ಕಿತ್ತಳೆ, ಹಳದಿ ಬಣ್ಣಗಳಿಗೆ ಕ್ಯಾಡ್ಮಿಯಂ, ಅಂದರೆ ಸೀಸದಂತೆಯೇ ವಿಷವಾದ ಇನ್ನೊಂದು ಲೋಹ, ಇರುವ ಬಣ್ಣದ ಪುಡಿ ಬಳಸುವುದುಂಟು. ಒಳ್ಳೆಯ ತಯಾರಕರು ಅದನ್ನು ಪಾತ್ರೆಯ ಹೊರಮೈಗೆ ಮಾತ್ರ ಹಾಕುತ್ತಾರೆ. ಒಳಗೆ ಕೆನೆ ಬಣ್ಣ ಅಥವಾ ಕಪ್ಪು ಇರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಗಾಜಿನೊಳಗೆ ಏನಿದೆ ಎನ್ನುವುದಕ್ಕಿಂತ, ಅದು ಅಡುಗೆಗೆ ಎಷ್ಟು ಬಿಡುತ್ತದೆ ಎನ್ನುವುದು. ವಿನಿಗರ್ ಥರದ ಬಿಸಿ ಆಮ್ಲವನ್ನು ಪಾತ್ರೆಯಲ್ಲಿ ಇಟ್ಟು, ಅದಕ್ಕೆ ಎಷ್ಟು ಲೋಹ ಇಳಿಯಿತು ಅಂತ ಅಳೆಯುತ್ತಾರೆ. ಇದಕ್ಕೆ ಐಎಸ್‌ಒ 4531 ಎಂಬ ಅಂತಾರಾಷ್ಟ್ರೀಯ ಮಾನದಂಡ ಇದೆ. ಇಂಟರ್‌ನೆಟ್‌ನಲ್ಲಿ ಕೆಲವರು ಎಕ್ಸ್‌ರೇ ಯಂತ್ರ ಹಿಡಿದು 'ನೋಡಿ, ಇಷ್ಟು ಸೀಸ ಇದೆ' ಅಂತ ತೋರಿಸುತ್ತಾರೆ. ಆ ಯಂತ್ರ ಹೇಳುವುದು ಗಾಜಿನೊಳಗೆ ಏನಿದೆ ಅಂತ. ಏನು ಹೊರಗೆ ಬರುತ್ತದೆ ಅಂತ ಅದು ಹೇಳುವುದಿಲ್ಲ. ನನಗೆ ನಿಜವಾಗಿ ಅನುಮಾನ ಇರುವುದು ಎರಡು ಜಾಗದಲ್ಲಿ: ಹೆಸರು ದೆಸೆ ಇಲ್ಲದ ಕಂಪನಿಯ ಪಾತ್ರೆ, ಒಳಗೂ ಗಾಢ ಕೆಂಪು ಹಳದಿ ಇರುವಂಥದ್ದು, ಮತ್ತು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಗುವ, ಯಾವ ಕಾಲದ್ದೆಂದೇ ಗೊತ್ತಿಲ್ಲದ ಪಾತ್ರೆ. ಅವೆರಡರಲ್ಲೂ ಹುಳಿ ಬೇಯಿಸಬೇಡಿ.

ನಿಮ್ಮತ್ತೆಯ ತಟ್ಟೆಯ ವಿಷಯಕ್ಕೆ ಬರೋಣ. ನೀಲಿ ಅಂಚಿನ ಬಿಳಿ ತಟ್ಟೆ ಇರಬೇಕು, ಅಲ್ವಾ? ಅದು ತೆಳು ಉಕ್ಕಿನ ತಗಡು. ತಗಡು ಸ್ವಲ್ಪ ಬಾಗುತ್ತದೆ, ಗಾಜು ಬಾಗುವುದಿಲ್ಲ. ಕೆಳಗೆ ಬಿದ್ದಾಗಲೆಲ್ಲ ಅಂಚಿನಲ್ಲಿ ಚಕ್ಕೆ ಹಾರುತ್ತಿತ್ತು. ಬೀಡು ದಪ್ಪ, ಬಾಗುವುದಿಲ್ಲ. ಆದ್ದರಿಂದ ಅದರ ಮೇಲಿನ ಗಾಜು ಹೆಚ್ಚು ದಿನ ಉಳಿಯುತ್ತದೆ. ಆದರೆ ಉಳಿಯುವುದು ಹೇಗೆ, ಒಡೆಯುವುದು ಹೇಗೆ ಅಂತ ತಿಳಿದುಕೊಂಡರೆ ಬೆಲೆಯ ಗುಟ್ಟೂ ಗೊತ್ತಾಗುತ್ತದೆ.

ಕುಲುಮೆಯಿಂದ ಹೊರಬಂದ ಪಾತ್ರೆ ತಣಿಯುವಾಗ ಕಬ್ಬಿಣ ಗಾಜಿಗಿಂತ ತುಸು ಜಾಸ್ತಿ ಕುಗ್ಗುತ್ತದೆ. ಹಾಗೆ ಕುಗ್ಗುವಂತೆ ಗಾಜಿನ ಪಾಕವನ್ನು ಬೇಕೆಂದೇ ಹೊಂದಿಸಿರುತ್ತಾರೆ. ಇದರಿಂದ ಗಾಜು ಯಾವಾಗಲೂ ಅದುಮಿಸಿಕೊಂಡ ಸ್ಥಿತಿಯಲ್ಲಿರುತ್ತದೆ. ಗಾಜಿನ ಸ್ವಭಾವ ನೋಡಿ: ಎಷ್ಟು ಅದುಮಿದರೂ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಈಗ ಕಾದ ಪಾತ್ರೆಗೆ ಒಮ್ಮೆಲೇ ತಣ್ಣೀರು ಸುರಿದರೆ ಮೇಲಿನ ಗಾಜು ತಟ್ಟನೆ ಕುಗ್ಗಲು ಹೊರಡುತ್ತದೆ. ಕೆಳಗಿನ ಕಬ್ಬಿಣ ಇನ್ನೂ ಬಿಸಿಯಾಗೇ ಇರುತ್ತದೆ, ಜೊತೆಗೆ ಕುಗ್ಗುವುದಿಲ್ಲ. ಗಾಜಿಗೆ ಎಳೆತ ಬೀಳುತ್ತದೆ. ಕೂದಲೆಳೆಯಂಥ ಬಿರುಕು ಮೂಡುವುದು ಆಗಲೇ. ನಾವು ಒಗ್ಗರಣೆ ಚಟಪಟ ಅನ್ನುವಾಗಲೇ ನಲ್ಲಿ ನೀರು ಸುರಿಯುತ್ತೇವಲ್ಲ, ಈ ಪಾತ್ರೆಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಈಗ ತಯಾರಿಕೆಯ ಕಷ್ಟ ಕೇಳಿ. ಬೀಡಿನಲ್ಲಿ ಸುಮಾರು 3ರಿಂದ 3.5 ಶೇಕಡಾ ಇಂಗಾಲ ಇರುತ್ತದೆ. ಎರಕ ಸರಿಯಾಗಿ ಆಗದೆ ಮೇಲ್ಮೈ ಬೇಗ ತಣಿದು ಗಟ್ಟಿಯಾದರೆ, ಆ ಇಂಗಾಲ ಅಲ್ಲಿ ಅಸ್ಥಿರವಾದ ರೂಪದಲ್ಲಿ ಉಳಿದುಬಿಡುತ್ತದೆ. ಮುಂದೆ ಎನಾಮಲ್ ಸುಡುವಾಗ ಅದು ಅನಿಲವಾಗಿ ಹೊರಬರುತ್ತದೆ, ಕರಗಿದ ಗಾಜಿನೊಳಗೆ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದರೆ ಸೂಜಿಮೊನೆಯಷ್ಟು ತೂತು. ಹೊಸದರಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ದಿನಾ ಹುಳಿ, ಉಪ್ಪು ಅಲ್ಲಿ ಇಳಿದು ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಒಂದು ದಿನ ಚಕ್ಕೆ ಎದ್ದು ಬರುತ್ತದೆ. 'ಬೀಳಿಸಿಯೇ ಇಲ್ಲ, ಆದರೂ ಚಕ್ಕೆ ಎದ್ದಿದೆ' ಅಂತ ಜನ ದೂರುವುದು ಎಷ್ಟೋ ಸಲ ಇದನ್ನೇ.

ಹಾಗಾಗಿ ಇಲ್ಲಿ ಎರಕದ ವಿದ್ಯೆ, ಗಾಜಿನ ವಿದ್ಯೆ ಎರಡೂ ಗಟ್ಟಿ ಇರಬೇಕು. ಇಂಥ ಪಾತ್ರೆಗಳಿಗೆ ಹೆಸರಾದ ಲೆ ಕ್ರೂಸೆ ಕಂಪನಿಯನ್ನು 1925ರಲ್ಲಿ ಉತ್ತರ ಫ್ರಾನ್ಸ್‌ನ ಫ್ರೆನ್ವಾ ಲ ಗ್ರಾಂ ಎಂಬ ಊರಿನಲ್ಲಿ ಶುರುಮಾಡಿದ ಇಬ್ಬರು ಬೆಲ್ಜಿಯಂನವರಲ್ಲಿ ಒಬ್ಬರು ಎರಕ ಬಲ್ಲವರು, ಇನ್ನೊಬ್ಬರು ಎನಾಮಲ್ ಬಲ್ಲವರು. ಅದರ ಪೈಪೋಟಿಯ ಸ್ಟಾಬ್ ಹುಟ್ಟಿದ್ದು 1974ರಲ್ಲಿ, ಫ್ರಾನ್ಸ್‌ನದೇ ಅಲ್ಸಾಸ್‌ನಲ್ಲಿ. ಅಮೆರಿಕದ ಲಾಡ್ಜ್ 1896ರಿಂದ ಬೀಡಿನ ಪಾತ್ರೆ ಎರಕ ಹೊಯ್ಯುತ್ತಿದೆ. ಆದರೆ ಅದರ ಎನಾಮಲ್ ಪಾತ್ರೆಗಳಲ್ಲಿ ಹೆಚ್ಚಿನವು ಚೀನಾದಲ್ಲಿ ತಯಾರಾಗುತ್ತವೆ, ಬೆಲೆಯೂ ಫ್ರಾನ್ಸಿನವಕ್ಕಿಂತ ಎಷ್ಟೋ ಕಡಿಮೆ.

ಹಾಗಾದರೆ 34 ಸಾವಿರದಲ್ಲಿ ಏನು ಸಿಗುತ್ತದೆ? ತೆಳ್ಳಗೆ, ಒಂದೇ ಸಮನಾಗಿ ಎರಕ ಹೊಯ್ದ ಪಾತ್ರೆ. ಇದು ಸಣ್ಣ ಮಾತಲ್ಲ. ತೆಳು ಎರಕದಲ್ಲಿ ಕಬ್ಬಿಣ ಅಚ್ಚಿನ ಮೂಲೆ ಮೂಲೆಗೂ ಹರಿಯುವ ಮೊದಲೇ ಹೆಪ್ಪುಗಟ್ಟುತ್ತದೆ, ತಿರಸ್ಕಾರ ಆಗುವ ಮಾಲು ಜಾಸ್ತಿ. ಅಗ್ಗದ ಪಾತ್ರೆ ದಪ್ಪವಾಗಿರುವುದು ಅದಕ್ಕೇ. ಜನ ಅದನ್ನು 'ಗಟ್ಟಿಮುಟ್ಟು' ಅಂದುಕೊಳ್ಳುತ್ತಾರೆ. ನಮಗೆ ಗೊತ್ತು, ಅದು ಸುಲಭದ ಎರಕ. ಇದರ ಮೇಲೆ ಒಳ್ಳೆಯ ಒಳಲೇಪ, ಕಟ್ಟುನಿಟ್ಟಾದ ತಪಾಸಣೆ, ವಾರಂಟಿ. ಆಮೇಲೆ ಆಮದು ಸುಂಕ, ಜಿಎಸ್‌ಟಿ, ಮಾಲ್ ಬಾಡಿಗೆ, ಬ್ರ್ಯಾಂಡ್ ಹೆಸರು. ಈ ಕೊನೆಯ ನಾಲ್ಕು ಸೇರಿ ಎಷ್ಟಾಗುತ್ತದೆ ಅಂತ ನೀವೇ ಊಹಿಸಿ.

ರುಚಿಯಲ್ಲಿ ವ್ಯತ್ಯಾಸ? ಇಲ್ಲ. 6,500ರದ್ದರಲ್ಲಿ ಮಾಡಿದ ಮಟನ್ ಸಾರನ್ನೂ 34 ಸಾವಿರದ್ದರಲ್ಲಿ ಮಾಡಿದ್ದನ್ನೂ ಪಕ್ಕಪಕ್ಕದಲ್ಲಿ ಬಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಲೆಯ ಮೇಲೆ ಎರಡೂ ಒಂದೇ ಕಬ್ಬಿಣ.

ಈ ಕಬ್ಬಿಣದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. 'ಶಾಖ ಸಮನಾಗಿ ಹರಡುತ್ತದೆ' ಅಂತ ಜಾಹೀರಾತಿನಲ್ಲಿ ಬರೆಯುತ್ತಾರೆ. ಹಾಗೇನಿಲ್ಲ. ಶಾಖ ಹರಿಸುವ ಶಕ್ತಿಯನ್ನು ಅಂಕಿಯಲ್ಲಿ ಹೇಳುವುದಾದರೆ ತಾಮ್ರ 400ರ ಹತ್ತಿರ, ಅಲ್ಯುಮಿನಿಯಂ 200ರ ಮೇಲೆ, ಬೀಡು ಬರೀ 50ರ ಆಸುಪಾಸು. ಸಣ್ಣ ಬರ್ನರ್ ಮೇಲೆ ಅಗಲ ಪಾತ್ರೆ ಇಟ್ಟು ಉರಿ ದೊಡ್ಡದು ಮಾಡಿದರೆ ನಡುವೆ ತಳ ಹಿಡಿಯುತ್ತದೆ, ಅಂಚು ತಣ್ಣಗೇ ಇರುತ್ತದೆ. ಬೀಡಿನ ಹೆಚ್ಚುಗಾರಿಕೆ ಇರುವುದು ತೂಕದಲ್ಲಿ. ಭಾರ ಇರುವುದರಿಂದ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೂ ಜನ ಅಂದುಕೊಂಡಷ್ಟಿಲ್ಲ. 5 ಕೆಜಿ ಬೀಡು ಹಿಡಿಯುವ ಶಾಖ, ಅರ್ಧ ಲೀಟರಿಗಿಂತ ತುಸು ಜಾಸ್ತಿ ನೀರು ಹಿಡಿಯುವಷ್ಟು. ಪಾತ್ರೆ ತುಂಬ ಸಾರು ಇದ್ದರೆ ಬಿಸಿ ಉಳಿಸುವ ಕೆಲಸದ ಬಹುಪಾಲನ್ನು ಸಾರೇ ಮಾಡುತ್ತದೆ.

ನಿಮ್ಮ ಅಡುಗೆಮನೆಗೆ ಇದನ್ನು ಹೊಂದಿಸಿ ನೋಡೋಣ. ಬೇಳೆ ನೀವು ಕುಕ್ಕರ್‌ನಲ್ಲೇ ಬೇಯಿಸುತ್ತೀರಿ. ಕುಕ್ಕರ್ ಒಳಗೆ 120 ಡಿಗ್ರಿವರೆಗೆ ಹೋಗುತ್ತದೆ. ಈ ಪಾತ್ರೆಯ ಮುಚ್ಚಳ ಎಷ್ಟೇ ಭಾರ ಇರಲಿ, ಒತ್ತಡ ಕಟ್ಟುವುದಿಲ್ಲ, 100 ಡಿಗ್ರಿ ದಾಟುವುದಿಲ್ಲ. ಮೂರು ಕೂಗಿಗೆ ಬೇಯುವ ಬೇಳೆಗೆ ಇಲ್ಲಿ ಮುಕ್ಕಾಲು ಗಂಟೆ ಬೇಕು. ಪಾತ್ರೆ ಕಾಯಲು ಖರ್ಚಾಗುವ ಗ್ಯಾಸ್ ದೊಡ್ಡದಲ್ಲ, ಹತ್ತು ಹದಿನೈದು ಗ್ರಾಂ. ಖರ್ಚು ಬರುವುದು ಈ ಹೆಚ್ಚಿನ ಹೊತ್ತಿನಲ್ಲಿ. ಅನ್ನ, ಸಾರಿಗೆ ಇದು ಬೇಡವೇ ಬೇಡ. ಹುಳಿಗೆ, ಗೊಜ್ಜಿಗೆ, ಬಿಸಿಬೇಳೆಬಾತಿಗೆ ಚೆನ್ನಾಗಿದೆ, ಏಕೆಂದರೆ ಹುಣಸೆಹಣ್ಣಿನ ಭಯ ಇಲ್ಲ. ಆದರೆ ಅದಕ್ಕೆ ಸ್ಟೀಲ್ ಪಾತ್ರೆಗೂ ಭಯ ಇಲ್ಲವಲ್ಲ! ಮನೆಯಲ್ಲಿ ಹಳೆಯ ಕಲ್ಲುಮರಿಗೆ ಇದ್ದರೆ ಇನ್ನೂ ಒಳ್ಳೆಯದು. ಬಳಪದ ಕಲ್ಲು ತೂಕಕ್ಕೆ ತೂಕ ಕಬ್ಬಿಣದ ಎರಡರಷ್ಟು ಶಾಖ ಹಿಡಿಯುತ್ತದೆ, ಹುಳಿಗೂ ಜಗ್ಗುವುದಿಲ್ಲ. ಈ ವಿಷಯದಲ್ಲಿ ನಮ್ಮಜ್ಜಿಯರಿಗೆ ಫ್ರಾನ್ಸಿನವರು ಹೊಸದಾಗಿ ಕಲಿಸುವುದೇನೂ ಇರಲಿಲ್ಲ.

ಈ ಪಾತ್ರೆಗೆ ಹೇಳಿ ಮಾಡಿಸಿದ್ದು ಭಾನುವಾರದ ಅಡುಗೆ. ಮಟನ್ ಅನ್ನು ಮೊದಲು ಎಣ್ಣೆಯಲ್ಲಿ ಕೆಂಪಗೆ ಹುರಿದು, ಅದೇ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ಗಂಟೆ ಬೇಯಿಸಿ. ಗಸಿ ಗಟ್ಟಿಯಾಗುವ ರೀತಿಯೇ ಬೇರೆ, ಕುಕ್ಕರ್‌ನಲ್ಲಿ ಅದು ಬರುವುದಿಲ್ಲ. ಬಿರಿಯಾನಿ ದಮ್ಮಿಗೂ ಅಷ್ಟೇ ಚೆನ್ನ.

ಬ್ರೆಡ್‌ಗೆ ಎನಾಮಲ್ ಬೇಕಿಲ್ಲ. ಅಲ್ಲಿ ಬೇಕಾದದ್ದು ಕಾದ ಭಾರದ ಪಾತ್ರೆ, ಹಿಟ್ಟಿನ ಆವಿಯನ್ನು ಒಳಗೇ ಹಿಡಿಯುವ ಮುಚ್ಚಳ. ಎನಾಮಲ್ ಇಲ್ಲದ, ಮುಚ್ಚಳವಿರುವ ಬೀಡಿನ ಪಾತ್ರೆ ಅದೇ ಕೆಲಸವನ್ನು ಎಷ್ಟೋ ಕಡಿಮೆ ಬೆಲೆಗೆ ಮಾಡುತ್ತದೆ. ಖಾಲಿ ಎನಾಮಲ್ ಪಾತ್ರೆಯನ್ನು ಮತ್ತೆ ಮತ್ತೆ 230 ಡಿಗ್ರಿಗೆ ಕಾಯಿಸಿದರೆ ಒಳಗಿನ ಕೆನೆ ಬಣ್ಣ ಕಂದಾಗುತ್ತಾ ಹೋಗುತ್ತದೆ. ಇನ್ನೊಂದು ಮಾತು, ಓಟಿಜಿಯ (ಮನೆಯ ಸಣ್ಣ ಕರೆಂಟ್ ಓವನ್) ಒಳಗಿನ ಅಗಲ ಅಳೆದಿದ್ದೀರಾ? 26 ಸೆಂ.ಮೀ. ಅನ್ನುವುದು ಬಾಯಿಯ ಅಗಲ. ಹಿಡಿ ಸೇರಿದರೆ 33-34 ಆಗುತ್ತದೆ. ಸಣ್ಣ ಓಟಿಜಿಗಳಲ್ಲಿ ಅದು ಕೂರುವುದೇ ಇಲ್ಲ.

ಈಗ ಮಣಿಕಟ್ಟು. 26 ಸೆಂ.ಮೀ. ಪಾತ್ರೆ ಮುಚ್ಚಳ ಸೇರಿ 5 ಕೆಜಿಗಿಂತ ತುಸು ಜಾಸ್ತಿ. ಅದರೊಳಗೆ 4 ಲೀಟರ್ ಮಟನ್ ಸಾರು ಇದ್ದರೆ 9 ಕೆಜಿ ದಾಟಿತು. ಕುದಿಯುವ 9 ಕೆಜಿಯನ್ನು ಎರಡು ಕೈಲಿ ಬಟ್ಟೆ ಹಿಡಿದು ಇಳಿಸಬೇಕು. ನಿಮಗಾಗುತ್ತದಾ? ಅಗ್ಗದ್ದು ಇನ್ನೂ ಭಾರ. ತೊಳೆಯುವಾಗ ಒದ್ದೆ ಕೈಯಲ್ಲಿ ಸೋಪಿನ ಜೊತೆ ತಿರುಗಿಸಬೇಕು. ಬಿದ್ದರೆ ಪಾತ್ರೆಯೂ ಹೋಯಿತು, ಸಿಂಕೂ ಹೋಯಿತು, ಕಾಲ ಮೇಲೆ ಬಿದ್ದರೆ ಹೇಳುವುದೇ ಬೇಡ.

ನಮ್ಮ ಮನೆಗಳ ಇನ್ನೊಂದು ಅಭ್ಯಾಸ ಇಕ್ಕಳ. ಪಾತ್ರೆಯ ಅಂಚನ್ನು ಇಕ್ಕಳದಲ್ಲಿ ಹಿಡಿದು ಎತ್ತಿದರೆ ಎನಾಮಲ್ ಅಂಚು ಉಳಿಯುವುದಿಲ್ಲ, ಬೆಲೆ ಎಷ್ಟೇ ಇರಲಿ. ಸೌಟನ್ನು ಅಂಚಿಗೆ ಟಣ್ ಟಣ್ ಅಂತ ಕುಟ್ಟಿ ಕೊಡವುವುದೂ ಅದೇ ಥರ. ಸ್ಟೀಲ್ ನಾರು ಹೊಳಪು ತೆಗೆಯುತ್ತದೆ. ಹೊಳಪು ಹೋದ ಜಾಗದಲ್ಲಿ ಮುಂದೆ ಎಲ್ಲವೂ ಅಂಟುತ್ತದೆ. ನೀವು ಜೋಪಾನ ಮಾಡಬಹುದು. ಆದರೆ ಹತ್ತು ಮನೆ ತೊಳೆಯುವವರಿಗೆ ಒಂದು ಪಾತ್ರೆಗೆ ಬೇರೆ ನಿಯಮ ಹೇಳಿ, ಅದು ಹಾಳಾದಾಗ ಅವರನ್ನು ಬೈಯುವುದು ನ್ಯಾಯವಲ್ಲ. ಕೊಂಡರೆ ಅದನ್ನು ಮನೆಯವರೇ ತೊಳೆಯಬೇಕು.

ಚಕ್ಕೆ ಎದ್ದರೆ? ಹೊರಗಿನ ಅಂಚಿನಲ್ಲಾದರೆ ಒರೆಸಿ ಎಣ್ಣೆ ಸವರಿ ಬಳಸುತ್ತಿರಿ. ಕಬ್ಬಿಣದ ತುಕ್ಕು ವಿಷವಲ್ಲ. ಒಳಗಾದರೆ ಅಡುಗೆಗೆ ಬೇಡ, ಗಾಜಿನ ಚೂರು ಅನ್ನಕ್ಕೆ ಬರಬಾರದು. ಅಂಗಡಿಯಲ್ಲಿ ಸಿಗುವ ರಿಪೇರಿ ಬಣ್ಣ ಒಳಮೈಗೆ ಹಚ್ಚುವಂಥದ್ದಲ್ಲ. 'ಲೈಫ್‌ಟೈಮ್ ವಾರಂಟಿ' ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಬೀಳಿಸಿದ್ದು, ಖಾಲಿ ಕಾಯಿಸಿದ್ದು, ತಣ್ಣೀರು ಸುರಿದದ್ದು ಅದರಲ್ಲಿ ಬರುವುದಿಲ್ಲ. ಮೊಮ್ಮಕ್ಕಳ ಕಾಲಕ್ಕೂ ಬರುವ ಪಾತ್ರೆಗಳು ಇವೆ, ನಿಜ. ಅವು ಹೆಚ್ಚಾಗಿ ವಾರಕ್ಕೊಮ್ಮೆ ಒಲೆ ಏರಿ, ಒಬ್ಬರ ಕೈಯಲ್ಲೇ ಇದ್ದ ಪಾತ್ರೆಗಳು.

ಇಷ್ಟೆಲ್ಲ ನೋಡಿದ ಮೇಲೆ ನಾನು ಹೇಳುವುದು: 26ರ ಆ ಪಾತ್ರೆ ನಿಮಗೆ ಬೇಡ. ದಿನದ ಅಡುಗೆಗೆ ಅದು ಒದಗುವುದಿಲ್ಲ, ಭಾನುವಾರಕ್ಕೆ ಮಾತ್ರ 34 ಸಾವಿರ ಜಾಸ್ತಿಯಾಯಿತು. ಬರೀ ಗಟ್ಟಿ ಗಸಿಯ ಮಟನ್ ಬೇಕಿದ್ದರೆ ಅಲ್ಯುಮಿನಿಯಂ ನಡುಪದರದ ಟ್ರಿಪ್ಲೈ (ಮೂರು ಪದರದ) ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಹಗುರ, ಇಕ್ಕಳಕ್ಕೂ ನಾರಿಗೂ ಹೆದರುವುದಿಲ್ಲ, ಇಂಡಕ್ಷನ್ ಮೇಲೂ ನಡೆಯುತ್ತದೆ. ಅದರ ತೊಂದರೆ ಒಂದೇ, ಉರಿ ಆರಿಸಿದ ಮೇಲೆ ಬೇಗ ತಣಿಯುತ್ತದೆ. ಬ್ರೆಡ್‌ಗೆ ಸೊಸೆ ಎನಾಮಲ್ ಇಲ್ಲದ ಬೀಡಿನ ಪಾತ್ರೆ ಕೊಳ್ಳಲಿ. ಒಣಗಿಸಿ ಎಣ್ಣೆ ಸವರಿಡುವ ಕೆಲಸ ಅವರದೇ ಇರಲಿ.

ಇಲ್ಲ, ಎನಾಮಲ್ಲೇ ಬೇಕು, ನೋಡಲೂ ಚೆಂದ ಅಂದರೆ ಅದೂ ತಪ್ಪಲ್ಲ. ಚೆಂದಕ್ಕೂ ದುಡ್ಡು ಕೊಡುತ್ತೇವಲ್ಲ. ಹಾಗಿದ್ದರೆ 22 ಸೆಂ.ಮೀ. ನೋಡಿ. 3 ಲೀಟರಿನ ಮೇಲೆ ಹಿಡಿಯುತ್ತದೆ, 4 ಕೆಜಿ ಆಸುಪಾಸು, ನಾಲ್ಕು ಜನಕ್ಕೆ ಸಾಕು. 6,500ರದ್ದನ್ನು ಕೊಳ್ಳುವುದಾದರೆ ಆನ್‌ಲೈನ್ ಬೇಡ, ಕೈಲಿ ಮುಟ್ಟಿ ನೋಡುವ ಕಡೆ ಕೊಳ್ಳಿ. ಒಳಮೈ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ, ಸೂಜಿಮೊನೆ ತೂತು, ಗುಳ್ಳೆ ಇದ್ದರೆ ಗೊತ್ತಾಗುತ್ತದೆ. ಒಂದು ಕಂಡರೂ ಬೇರೆ ಕೇಳಿ. ಮುಚ್ಚಳ ಇಟ್ಟು ಅಲ್ಲಾಡಿಸಿ. ಹಿಡಿಯೊಳಗೆ ದಪ್ಪ ಬಟ್ಟೆ ಸಮೇತ ನಾಲ್ಕು ಬೆರಳು ತೂರಬೇಕು. ಮೂರೇ ತೂರಿದರೆ ಬಿಟ್ಟುಬಿಡಿ. ಮುಚ್ಚಳದ ಗುಬ್ಬಿ ಲೋಹದ್ದಿರಲಿ, ಪ್ಲಾಸ್ಟಿಕ್ಕಿನದು ಓವನ್ ಶಾಖಕ್ಕೆ ಎಲ್ಲ ಕಡೆ ತಡೆಯುವುದಿಲ್ಲ.

ಒಳಗಿನ ಬಣ್ಣ ಕೆನೆಯದಾದರೆ ಅರಿಶಿನದ ಕಲೆ ಹಿಡಿದೇ ಹಿಡಿಯುತ್ತದೆ, ಗಾಬರಿ ಆಗಬೇಡಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿಟ್ಟು, ಆಮೇಲೆ ಬಿಸಿಲಿಗೆ ಇಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಇಂಡಕ್ಷನ್ ಮೇಲೆ ಎಳೆಯದೆ ಎತ್ತಿ ಇಡಿ, ಕಡಿಮೆ ಪವರ್‌ನಲ್ಲಿ ಶುರುಮಾಡಿ. ಉಳಿದ ಹುಳಿಯನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡಿ, ಅಗ್ಗದ ಎನಾಮಲ್ ಆದರೆ ಹೊಳಪು ಬೇಗ ಸಾಯುತ್ತದೆ. ಒಗ್ಗರಣೆ ಅದರೊಳಗೇ ಹಾಕುವುದಾದರೆ ಎಣ್ಣೆ ಸುರಿದ ಮೇಲೆ ಒಲೆ ಹಚ್ಚಿ, ಮಧ್ಯಮ ಉರಿ ಸಾಕು. ಆಮೇಲೆ ಸೇರಿಸುವ ನೀರು ಬಿಸಿನೀರೇ ಆಗಿರಲಿ.